ಗಬ್ಬೂರಿನ ಗಿರಣಿಯಲ್ಲಿ ಐದೂವರೆಯ ಚಿಂತೆ

ನಾನು ಮೂವತ್ತಮೂರನೆಯ ವಯಸ್ಸಿನಲ್ಲಿ ನಿವೃತ್ತಳಾದೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಆಪ್ತಸಮಾಲೋಚಕಿಯಾಗಿದ್ದೆ. ಗುತ್ತಿಗೆ ಮುಗಿಯಿತು, ಅದರ ಹಿಂದೆಯೇ ಹುದ್ದೆಯೂ ಮುಗಿಯಿತು. ಕೆಲಸ ಹೋಯಿತು ಎನ್ನುವುದು ಇದಕ್ಕೆ ಸರಿಯಾದ ಮಾತು. ಆದರೆ ನಮ್ಮ ವಿಭಾಗದಲ್ಲಿ ಬೀಳ್ಕೊಡುವ ಸಮಾರಂಭಕ್ಕೆ ಇದ್ದದ್ದು ಒಂದೇ ಬ್ಯಾನರು. ಅದರ ಮೇಲೆ ‘ವಯೋನಿವೃತ್ತಿ ಹೊಂದಿದ’ ಎಂದು ಎಂದೋ ಅಚ್ಚಾಗಿತ್ತು. ಹೆಸರಿನ ಜಾಗಕ್ಕೆ ಮಾತ್ರ ಹೊಸ ಕಾಗದ ಅಂಟಿಸುತ್ತಿದ್ದರು. ಅದರ ಕೆಳಗೆ ನನ್ನನ್ನು ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮೊಮ್ಮಕ್ಕಳೊಂದಿಗೆ ಸುಖವಾಗಿ ಕಾಲ ಕಳೆಯಲಿ ಎಂದು ಆಡಳಿತ ವಿಭಾಗದವರು ಬರೆದು ತಂದದ್ದನ್ನು ಓದಿದರು. ನನಗೆ ಮದುವೆಯಾಗಿಲ್ಲ. ಆ ಫೋಟೊ ಧಾರವಾಡದ ನಮ್ಮ ಚರ್ಚಿನ ವಾಟ್ಸಾಪ್ ಗುಂಪಿಗೆ ಹೋಯಿತು. ಮುಂದಿನ ಭಾನುವಾರ ವೃದ್ಧರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ, ಮೊಣಕಾಲು ನೋವಿನವರ ಮತ್ತು ಕಣ್ಣಿನ ಪೊರೆಯವರ ನಡುವೆ, ನನ್ನ ಹೆಸರೂ ಬಂತು. ನಾನು ಆಮೆನ್ ಎಂದೆ.

ಇಷ್ಟೆಲ್ಲ ಆದ ಮೇಲೆ, ನಿವೃತ್ತರು ಮಾಡುವ ಕೆಲಸವನ್ನೂ ಮಾಡಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದರ ಓದುಗರು. ಬಡ್ತಿಗಳ ವಿಷಯ ಬಿಟ್ಟಿದ್ದೇನೆ, ಏಕೆಂದರೆ ಬಡ್ತಿ ಸಿಗಲಿಲ್ಲ. ನನಗೆ ದಿನಾಲೂ ದಿನಚರಿ ಬರೆಯುವ ರೂಢಿ ಇದೆ. ಮೇಲೆ ತಾರೀಖು, ಕೆಳಗೆ ಆ ದಿನ ನಡೆದದ್ದಕ್ಕೆ ಗೀಟುಗಳು. ಎಷ್ಟು ಜನ ಬಂದರು, ಎಷ್ಟು ಜನ ಅತ್ತರು, ಎಷ್ಟು ಜನ ನನ್ನನ್ನು ನರ್ಸ್ ಎಂದುಕೊಂಡು ಸೂಜಿಗಾಗಿ ತೋಳು ಚಾಚಿದರು. ಕೊನೆಯ ಸಾಲಿನ ಗೀಟುಗಳೇ ಹೆಚ್ಚು.

ಕೆಲಸ ಏನೆಂದು ಮೊದಲು ಹೇಳಬೇಕು. ಅಪಘಾತ, ಬೆಂಕಿ, ಹೊಡೆತ, ಕಣ್ಣೆದುರಿನ ಸಾವು, ಇಂಥದ್ದನ್ನು ಕಂಡವರು ನಮ್ಮಲ್ಲಿಗೆ ಬರುತ್ತಿದ್ದರು. ಆಘಾತ ಆಯಿತು, ಆದ್ದರಿಂದ ಖಿನ್ನತೆ ಬಂತು ಎಂದು ಹೊರಗಿನವರು ತಿಳಿಯುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ಅಷ್ಟು ನೇರವಾಗಿ ಬರುವುದಿಲ್ಲ, ನಡುವೆ ಇನ್ನೊಂದಿರುತ್ತದೆ. ಒಂದೇ ಅಪಘಾತದಲ್ಲಿ ಇದ್ದ ಇಬ್ಬರಲ್ಲಿ ಒಬ್ಬ ಸ್ವಲ್ಪ ದಿನ ಬೆಚ್ಚಿಬಿದ್ದು ಆಮೇಲೆ ಕೆಲಸಕ್ಕೆ ಹೋಗುತ್ತಾನೆ. ಇನ್ನೊಬ್ಬ ‘ನಾನು ಹಾಗೆ ಮಾಡದಿದ್ದರೆ’ ಎಂಬ ಒಂದೇ ಮಾತನ್ನು ಎದ್ದಾಗ, ಉಣ್ಣುವಾಗ, ಮಲಗಿದಾಗ ತಿರುಗಿಸುತ್ತ ಕೂಡುತ್ತಾನೆ. ಖಿನ್ನತೆ ಹೆಚ್ಚಾಗಿ ಆ ತಿರುಗಾಟದ ದಾರಿಯಿಂದಲೇ ಒಳಗೆ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ಮರುಕಳಿಸುವ ನಕಾರಾತ್ಮಕ ಚಿಂತನೆ ಎಂದು ಹೆಸರು.

ಆ ಹೆಸರನ್ನು ನಾನು ರೋಗಿಯೊಬ್ಬರ ಮುಂದೆ ಬಳಸಿದ್ದು ಒಂದೇ ಸಲ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಗರಗದಿಂದ ಬಂದಿದ್ದ ಅಜ್ಜಿ, ಹರೆಯದಿಂದ ಖಾದಿ ನೂತವರು. ಅವರ ಮುಂದೆ ಪ್ರಶ್ನಾವಳಿ ಹಿಡಿದು, ಇಂಥ ಚಿಂತನೆ ಎಂದೂ ಇಲ್ಲವೋ, ಕೆಲವೊಮ್ಮೆಯೋ, ಆಗಾಗಲೋ, ಯಾವಾಗಲೂವೋ ಎಂದು ಕೇಳಿದೆ.

“ನಿಮಗ ಯಾವದು ಅನುಕೂಲ ಆಕ್ಕೈತಿ ಅದನ್ನ ಬರಕೊಳ್ಳವಾ,” ಎಂದರು.

ಹಾಗಲ್ಲ ಅಜ್ಜಿ, ನೀವೇ ಹೇಳಬೇಕು ಎಂದೆ. ಅವರು ಯೋಚಿಸಿ ಮೊದಲ ಪ್ರಶ್ನೆಗೆ ‘ಎಂದೂ ಇಲ್ಲ’, ಎರಡನೆಯದಕ್ಕೆ ‘ಕೆಲವೊಮ್ಮೆ’, ಮೂರನೆಯದಕ್ಕೆ ‘ಆಗಾಗ’, ನಾಲ್ಕನೆಯದಕ್ಕೆ ‘ಯಾವಾಗಲೂ’ ಎಂದು ಹೇಳುತ್ತ, ಮತ್ತೆ ಮೊದಲಿನಿಂದ ಸುರುಮಾಡಿದರು. ಯಾಕೆ ಹೀಗೆ ಎಂದು ಕೇಳಿದೆ. “ಎಲ್ಲಾ ಒಂದಕ್ಕ ಕೊಟ್ರ ಉಳದಾವು ಏನ್ ತಪ್ಪು ಮಾಡ್ಯಾವ? ಪಾಪ, ಇಷ್ಟು ಕಷ್ಟಾ ಪಟ್ಟು ಛಾಪಿಸೀರಿ.” ಫಲಿತಾಂಶದ ಪ್ರಕಾರ ಆ ಅಜ್ಜಿಗೆ ಎಲ್ಲ ಕಾಯಿಲೆಯೂ ಇತ್ತು, ಯಾವುದೂ ಇರಲಿಲ್ಲ. ಅಂದಿನಿಂದ ನಾನು, “ಒಂದ ವಿಚಾರ ತಿರತಿರಗಿ ಬರತೈತೇನ್ರಿ?” ಎಂದಷ್ಟೇ ಕೇಳತೊಡಗಿದೆ. ಹೌದಾದರೆ ಮುಖವೇ ಹೇಳುತ್ತದೆ.

ನಮ್ಮ ಡಾಕ್ಟರ್ ಸಾಹೇಬರ ವಿಷಯ. ಒಳ್ಳೆಯ ವೈದ್ಯರು, ಔಷಧದ ಅಳತೆಯಲ್ಲಿ ಎಂದೂ ತಪ್ಪಿದವರಲ್ಲ. ಆದರೆ ಅವರು ರೋಗಿಯೊಡನೆ ಮಾತಾಡುವುದು ಚೀಟಿ ಬರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಮಾತ್ರ. ಗುಳಿಗೆಗಳ ಕೆಳಗೆ, ಎಣ್ಣೆ ಪದಾರ್ಥ ತಿನ್ನಬಾರದು ಎಂದು ಬೇರೆಯವರು ಬರೆಯುವ ಜಾಗದಲ್ಲಿ, ‘ವಿಚಾರ ಮಾಡಬಾರದು’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಒಬ್ಬರು ಆ ಚೀಟಿ ತೆಗೆದುಕೊಂಡು ಔಷಧ ಕೊಡುವ ಕಿಟಕಿಗೆ ಹೋಗಿ, “ಇದು ಊಟಕ್ಕ ಮೊದಲೋ, ಊಟ ಆದಮ್ಯಾಲೋ?” ಎಂದು ಕೇಳಿದರು. ಕಿಟಕಿಯವನು ಚೀಟಿ ನೋಡಿ, “ಎರಡೂ ಹೊತ್ತು ಬ್ಯಾಡ್ರಿ,” ಎಂದ. ವಿಚಾರ ಮಾಡಬಾರದು ಎಂದು ಮನೆಗೆ ಹೋದವರು, ಮಾಡುತ್ತಿದ್ದೇನೋ ಇಲ್ಲವೋ ಎಂಬ ಇನ್ನೊಂದು ವಿಚಾರವನ್ನೂ ಹೊತ್ತುಕೊಂಡು ತಿರುಗಿ ಬರುತ್ತಿದ್ದರು.

ಈ ಪದ್ಧತಿ ಬದಲಾದದ್ದು ಚನ್ನಬಸಪ್ಪನವರಿಂದ. ಉಳಿದದ್ದೆಲ್ಲ ಅವರ ಕಥೆಯೇ.

ಒಂದು ಸೋಮವಾರ ಇಬ್ಬರು ಅಣ್ಣತಮ್ಮಂದಿರು ಬಂದರು. ತಮ್ಮ ಮಾಂತೇಶನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ, ಗಾಯ ಆಗಷ್ಟೇ ಮಾಯ್ದಿತ್ತು. ನಾನು ಅವನನ್ನೇ ಕುರ್ಚಿಯ ಮೇಲೆ ಕೂರಿಸಿ, ನಿದ್ದೆ ಬರುತ್ತದೆಯೇ ಎಂದು ಕೇಳಿದೆ.

“ಮಸ್ತ್ ಬರತೈತ್ರಿ. ಪೇಶಂಟ್ ನಾ ಅಲ್ಲ, ನಮ್ಮ ಅಣ್ಣ.”

“ಬೆರಳು ನಿಮ್ಮವು ಹೋಗ್ಯಾವಲ್ಲ?”

“ಬೆರಳ ನನ್ನೂ ಹೋದೂ, ಜೀವಾ ಇವಂದು ಹೋತ್ರಿ. ನನಗ ಇನ್ನೂ ಎಂಟ ಅದಾವ.”

ಗಬ್ಬೂರಿನಲ್ಲಿ ಅವರದು ಹಿಟ್ಟಿನ ಗಿರಣಿ. ಮೋಟಾರಿನಿಂದ ಕಲ್ಲಿಗೆ ಪಟ್ಟಾ, ಅಂದರೆ ಬೆಲ್ಟು, ಹೋಗುತ್ತದೆ. ಪಟ್ಟಾ ಜಾರತೊಡಗಿದರೆ ಅದಕ್ಕೆ ರಾಳದ ಪುಡಿ ಹಾಕುತ್ತಾರೆ, ಆಗ ಅದು ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಮಶಿನ್ ನಿಲ್ಲಿಸಿ ಹಾಕಬೇಕು. ಪಾಳಿ ಹಿಡಿದು ನಿಂತವರು ಬಹಳ ಇದ್ದರೆ ಯಾರೂ ನಿಲ್ಲಿಸುವುದಿಲ್ಲ. ಅಂದು ಚನ್ನಬಸಪ್ಪ ಹಿಟ್ಟು ತೂಗುತ್ತ ಕೂತಲ್ಲಿಂದಲೇ “ರಾಳ ಹಾಕೋ ಮಾಂತ್ಯಾ” ಎಂದಿದ್ದರು. ಮಾಂತೇಶ ಹಾಕಿದ. ಪಟ್ಟಾ ಗಾಲಿಯ ಜೊತೆಗೆ ಅವನ ಬೆರಳನ್ನೂ ಹಿಡಿಯಿತು.

ಚನ್ನಬಸಪ್ಪನವರಿಗೆ ಐವತ್ತು ದಾಟಿತ್ತು. ಹಣೆಯಲ್ಲಿ ವಿಭೂತಿ, ಕಣ್ಣು ನೆಲದ ಮೇಲೆ. ಏನಾಗುತ್ತದೆ ಹೇಳಿ ಎಂದೆ.

“ನಾ ರಾಳ ಹಾಕು ಅನ್ನದಿದ್ರ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಾ ಮಶಿನ್ ನಿಂದರಸಿದ್ರ.” ಮತ್ತೆ, “ನಾನ ಎದ್ದು ಹಾಕಿದ್ರ. ನಾ ಅನ್ನದಿದ್ರ.”

ಒಂದೊಂದಕ್ಕೆ ಒಂದು ಗೀಟು ಹಾಕುತ್ತ ಹೋದೆ. ಪುಟ ತುಂಬಿದಾಗ ಪೆನ್ನು ಕೆಳಗಿಟ್ಟೆ.

“ಅಂವಾ ಅನ್ನದಿದ್ರೂ ನಾ ಹಾಕ್ತಿದ್ದೆರಿ,” ಎಂದ ಮಾಂತೇಶ. “ದಿನಾ ಹಾಕ್ತಿದ್ದೆ. ಇದನ್ನ ಹೇಳಿ ಹೇಳಿ ನನ್ನ ಬಾಯಿ ನೋವಾಗೈತಿ, ಬೆರಳ ಅಷ್ಟು ನೋವಾಗಿಲ್ಲ.”

ಬೆರಳು ಹೋದ ದಿನದಿಂದ ಗಿರಣಿ ಮುಚ್ಚಿತ್ತು. ಚನ್ನಬಸಪ್ಪ ಉಣ್ಣುತ್ತಿರಲಿಲ್ಲ, ಬಡಿಸಿದರೆ ತಟ್ಟೆ ನೋಡುತ್ತ ಕೂಡುತ್ತಿದ್ದರು. ಜಳಕ ಮಾಡು ಎಂದರೆ ಮಾಡುವುದು, ಇಲ್ಲದಿದ್ದರೆ ಇಲ್ಲ. ಯಾವ ಮೋಟಾರಿನ ಸದ್ದಾದರೂ ಎದ್ದು ಹೊರಗೆ ಹೋಗುತ್ತಿದ್ದರು. ಮಿಕ್ಸಿಗೂ ಹೆದರುತ್ತಿದ್ದುದರಿಂದ ಹೆಂಡತಿ ನೀಲವ್ವ ಚಟ್ನಿಯನ್ನು ಕಲ್ಲಿನಲ್ಲಿ ಕುಟ್ಟುತ್ತಿದ್ದರು. ಸುಳ್ಳ ಎಂಬ ಊರಿನ ಒಬ್ಬರು ಮಶಿನ್ ಕೊಳ್ಳುತ್ತೇನೆ, ದೀಪಾವಳಿ ಆದ ಮೇಲೆ ಟೆಂಪೊ ತರುತ್ತೇನೆ ಎಂದು ಹೇಳಿ ಹೋಗಿದ್ದರು. ಅಣ್ಣನನ್ನು ಹೊರಗೆ ಕೂರಿಸಿ ಬಂದು ಮಾಂತೇಶ ನನಗೆ ಹೇಳಿದ:

“ಮಶಿನ್ ಹೋದ್ರ ನಾ ಎಲ್ಲೆರ ದುಡಿತೇನ್ರಿ. ಇಂವಾ ಹುಟ್ಟಿದಾಗಿಂದ ಆ ಕಲ್ಲಿನ ಸಪ್ಪಳದಾಗ ಇದ್ದಾಂವ. ಅದು ಟೆಂಪೊ ಏರಿತಂದ್ರ ಇಂವಾ ಉಳ್ಯಾಂಗಿಲ್ಲ. ದೀಪಾವಳಿ ಒಳಗ ಏನರೆ ಮಾಡ್ರಿ ಅಕ್ಕಾರ.”

ಡಾಕ್ಟರ್ ಸಾಹೇಬರು ಗುಳಿಗೆ ಬರೆದು ಕೆಳಗೆ ಎಂದಿನ ಸಾಲು ಬರೆದರು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಚನ್ನಬಸಪ್ಪನವರಿಗೆ ಬೇರೆ ಮಾತು ಹೇಳಿದೆ. ವಿಚಾರ ಮಾಡಬೇಡಿ ಎನ್ನುವುದಿಲ್ಲ, ಅದಕ್ಕೊಂದು ವೇಳೆ ಇಡಿ. ದಿನಾಲೂ ಸಂಜೆ ಐದೂವರೆಯಿಂದ ಆರರವರೆಗೆ ಒಂದೇ ಜಾಗದಲ್ಲಿ ಕೂತು ಎಲ್ಲವನ್ನೂ ವಿಚಾರ ಮಾಡಿ.

“ಉಳದ ಹೊತ್ತಿನಾಗ ಬಂದ್ರ?”

“‘ಐದೂವರಿಗೆ ಬಾ’ ಅನ್ರಿ.”

ಅವರು ಮೊದಲ ಸಲ ತಲೆ ಎತ್ತಿದರು. “ಅಂದ್ರ ಚಿಂತಿಗೂ ಗಿರಣಿಗತೆ ಟೈಮ್ ಇಡೂದು.”

“ಹೌದ್ರಿ.”

“ಎಲ್ಲಿ ಕುಂದ್ರಬೇಕ್ರಿ?”

“ಮಲಗೂ ಹಾಸಗಿ ಒಂದು ಬ್ಯಾಡ. ಉಳದದ್ದು ನಿಮ್ಮ ಮರ್ಜಿ.”

ಎಲ್ಲವನ್ನೂ ಹೇಳಿದೆ, ಒಬ್ಬರೇ ಕೂಡಬೇಕು ಎಂಬುದನ್ನು ಬಿಟ್ಟು. ನಾನು ಕಲಿತ ಪುಸ್ತಕದಲ್ಲಿಯೂ ಅದು ಇರಲಿಲ್ಲ. ಆ ಪುಸ್ತಕ ಬರೆದವರ ಊರಿನಲ್ಲಿ ಮನುಷ್ಯ ಕುರ್ಚಿ ಹಾಕಿಕೊಂಡು ಕೂತರೆ ತಾನಾಗಿಯೇ ಒಬ್ಬನೇ ಇರುತ್ತಾನೆ ಎಂದು ಕಾಣುತ್ತದೆ. ಗಬ್ಬೂರಿನಲ್ಲಿ ಹಾಗಿಲ್ಲ.

ಮುಂದಿನ ಸೋಮವಾರ ಅವರು ಬರಲಿಲ್ಲ. ಫೋನ್ ಮಾಡಿದರೆ ಮಾಂತೇಶ, “ಗದ್ದಲದಾಗ ಅದೀನ್ರಿ, ಆಮ್ಯಾಲ ಮಾಡ್ತೇನಿ,” ಎಂದು ಇಟ್ಟುಬಿಟ್ಟ. ಸಂಜೆ ಗಬ್ಬೂರಿನಲ್ಲಿ ಬಸ್ಸಿಳಿದು ವಿಚಾರಿಸುತ್ತ ಹೋದೆ. ಗಿರಣಿಯ ಬಾಗಿಲು ತೆರೆದಿತ್ತು, ಹೊರಗೆ ಚಪ್ಪಲಿಗಳ ರಾಶಿ. ಸಾವಿನ ಮನೆಯ ಮುಂದೆ ಹೀಗೆಯೇ ಇರುತ್ತದೆ. ಒಳಗೆ ಹೋದರೆ ನೀಲವ್ವ ಚುರುಮುರಿ ಚೂಡಾ ಹಂಚುತ್ತಿದ್ದರು.

ಮಶಿನಿನ ಸುತ್ತ ಪ್ಲಾಸ್ಟಿಕ್ ಕುರ್ಚಿ, ಚಾಪೆ. ಕೂತವರು ಹೆಚ್ಚಾಗಿ ಹೆಣ್ಣುಮಕ್ಕಳು, ಗಿರಣಿಯ ಗಿರಾಕಿಗಳು. ಗೋಡೆಗುಂಟ ಜೋಳದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಗಿರಣಿ ಎಂದಾದರೂ ಸುರುವಾದರೆ ಪಾಳಿ ತಪ್ಪಬಾರದೆಂದು ಇಟ್ಟುಹೋದವು. ಸಾಲಿನ ಮೊದಲ ಡಬ್ಬಿಯ ಒಡತಿ ಗಂಗವ್ವ ಎಂಬ ಹಿರಿಯಾಕೆ ನಡುವಿನ ಕುರ್ಚಿಯಲ್ಲಿದ್ದರು. ಚನ್ನಬಸಪ್ಪ ಹಿಟ್ಟು ತೂಗುವ ತಮ್ಮ ಹಳೆಯ ಜಾಗದಲ್ಲಿ ಕೂತಿದ್ದರು.

ಆದದ್ದಿಷ್ಟು. ಮೊದಲ ದಿನ ಅವರು ಗಿರಣಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಾರೆ. ದಾರಿಯಲ್ಲಿ ಹೋಗುತ್ತಿದ್ದ ಗಂಗವ್ವ ಏನಾಯಿತು ಎಂದು ಕೇಳಿದ್ದಾರೆ. “ಅಣ್ಣ ಚಿಂತಿ ಮಾಡಾಕತ್ತಾನ್ರಿ, ಡಾಕ್ಟರ್ ಹೇಳ್ಯಾರ,” ಎಂದಿದ್ದಾನೆ ಮಾಂತೇಶ. “ಒಬ್ಬನ?” ಎಂದು ಗಂಗವ್ವ ಪಕ್ಕದಲ್ಲಿ ಕೂತಿದ್ದಾರೆ. ಒಬ್ಬರು ಕೂತಲ್ಲಿ ಹತ್ತು ಜನ ಕೂತರು. ಜನ ಬಂದ ಮೇಲೆ ಚಹಾ ಬಂತು. ಬೈಪಾಸಿನ ಲಾರಿಗಳ ಸದ್ದಿನಲ್ಲಿ ಚನ್ನಬಸಪ್ಪನವರ ಚಿಂತೆ ಹಿಂದೆ ಕೂತವರಿಗೆ ಕೇಳಿಸುತ್ತಿಲ್ಲವೆಂದು ಎಲ್ಲರೂ ಒಳಗೆ ಬಂದರು. ಆ ಕೋಣೆಯ ಬಾಗಿಲನ್ನೂ ನೋಡದೆ ಇದ್ದ ಮನುಷ್ಯನನ್ನು ಒಳಗೆ ಹೇಗೆ ಕರೆತರುವುದೆಂದು ನಾನು ವಾರಗಳ ಯೋಜನೆ ಬರೆದಿಟ್ಟಿದ್ದೆ. ಅವರನ್ನು ಹಿಂದಿನ ಸಾಲಿನವರ ಅನುಕೂಲಕ್ಕಾಗಿ ಕರೆತಂದಿದ್ದರು.

“ಕುಂದ್ರವಾ,” ಎಂದರು ಗಂಗವ್ವ ನನಗೆ. “ನಿನ್ನ ಪಾಳಿ ಆಮ್ಯಾಲ. ಹಾಂ, ಚನ್ನಬಸಪ್ಪ, ಹೇಳ್ರಿ.”

“ನಾ ರಾಳ ಹಾಕು ಅನ್ನದಿದ್ರ,” ಎಂದರು ಚನ್ನಬಸಪ್ಪ.

“ಅದು ನಿನ್ನಿ ಆತಲ್ರಿ.”

“ನಿನ್ನಿ ಅಲ್ಲ, ಮೊನ್ನಿ. ನಿನ್ನಿ ಮಶಿನ್ ನಿಂದರಸಿದ್ರ ಅಂತ ಹೇಳಿದ್ರು,” ಎಂದು ಹಿಂದಿನಿಂದ ಒಬ್ಬಾಕೆ ತಿದ್ದಿದಳು.

“ಹಂಗಾರ ಇವತ್ತು ಹೊಸಾದು ಏನೈತಿ?”

ಚನ್ನಬಸಪ್ಪ ಬಹಳ ಹೊತ್ತು ಹುಡುಕಿದರು. ಅವರ ಹಣೆಯ ಗೆರೆಗಳು ಕೂಡಿದ್ದನ್ನು ನೋಡಿದೆ. “ಹೊಸಾದು ಇಲ್ಲ,” ಎಂದರು ಕೊನೆಗೆ, ಅಂಗಡಿಯಲ್ಲಿ ಸಾಮಾನು ತೀರಿದೆ ಎನ್ನುವ ದನಿಯಲ್ಲಿ. “ಅದ ಬರತೈತ್ರಿ ದಿನಾ.”

“ಅದ ಅಂದಮ್ಯಾಲ ಅದ,” ಎಂದರು ಗಂಗವ್ವ. “ನಾಳಿ ನೋಡೂಣು. ಮುಂದಿನವರು ಯಾರು?”

ನನ್ನ ತರಬೇತಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಒಬ್ಬರಿಗೆ ತಮ್ಮ ಆಲೋಚನೆ ಒಂದೇ ಎಂದು ಕಾಣುವಂತೆ ಮಾಡಲು ನಾವು ತಿಂಗಳುಗಟ್ಟಲೆ ದುಡಿಯುತ್ತೇವೆ. ಇಲ್ಲಿ ಕೇಳುಗರು ಬೇಸರಪಟ್ಟು ಅದನ್ನು ಮಾಡಿದ್ದರು.

ಅಂದೇ ಇನ್ನೊಂದನ್ನೂ ಬರೆದುಕೊಂಡೆ, ಹೊಸಬರು ಇದನ್ನು ಮರೆಯಬಾರದು. ಚಾಪೆಯ ತುದಿಯಲ್ಲಿದ್ದ ಒಬ್ಬ ಹೆಂಗಸು ಬೇರೆಯವರ ಮಾತು ಕೇಳುತ್ತ ಕೇಳುತ್ತ ಕುಗ್ಗುತ್ತಿದ್ದಳು. ಆಕೆಯೊಳಗೆ ಅಲ್ಲಿ ಹೇಳಲಾಗದ ಏನೋ ಇತ್ತು. ಮರುದಿನ ಆಕೆಯನ್ನು ಆಸ್ಪತ್ರೆಗೆ ಕರೆತಂದು ಬಾಗಿಲು ಹಾಕಿಕೊಂಡು ಮಾತಾಡಿದೆ. ದುಃಖವನ್ನು ಗುಂಪಿನಲ್ಲಿ ತಿರುವುವುದು ಎಲ್ಲರಿಗೂ ಔಷಧವಲ್ಲ, ಕೆಲವರಿಗೆ ಅದು ಇನ್ನೊಂದು ಗಾಯ. ಐದೂವರೆಗೆ ಕೂಡುವ ಆ ಮಂಡಳಿಗೂ ನಿಯಮ ಮಾಡಿಕೊಟ್ಟೆ: ಯಾರನ್ನೂ ಒತ್ತಾಯ ಮಾಡಿ ಹೇಳಿಸಬಾರದು, ಆರು ಗಂಟೆಗೆ ಏಳಬೇಕು, ಮಾಂತೇಶ ಬೆರಳಿನ ಕಥೆಯನ್ನು ದಿನಕ್ಕೊಂದಿಷ್ಟು ಬೆಳೆಸಬಾರದು. ಕೊನೆಯದಕ್ಕೆ ಮಾಂತೇಶ ಒಪ್ಪಲು ತಡಮಾಡಿದ.

ಡಾಕ್ಟರ್ ಸಾಹೇಬರಿಗೆ ವರದಿ ಕೊಟ್ಟೆ. ಅವರು ಕನ್ನಡಕ ತೆಗೆದಿಟ್ಟರು.

“ನೀವು ಒಬ್ಬ ಪೇಶಂಟಿಗೆ ವಿಚಾರ ಮಾಡ್ರಿ ಅಂತ ಹೇಳೀರಿ. ಈಗ ಇಡೀ ಗಬ್ಬೂರ ವಿಚಾರ ಮಾಡಾಕತ್ತೈತಿ. ಬಂದ್ ಮಾಡಸ್ರಿ.”

“ನೀವ ಬಂದು ಹೇಳ್ರಿ ಸರ್. ನನ್ನ ಮಾತು ಕೇಳಂಗಿಲ್ಲ, ನನಗ ಪಾಳಿ ಹಚ್ಚತಾರ.”

ಅವರು ಗುರುವಾರ ಸ್ವಂತ ಕಾರಿನಲ್ಲಿ ಬಂದರು. ಬಂದವರಿಗೆ ಚಹಾ ಕೊಡದೆ ಮಾತಾಡಗೊಡುವ ಮನೆಯಲ್ಲ ಅದು. ಚಹಾ ಕೈಗೆ ಬಂದ ಮೇಲೆ ನಿಂತೇ ಕುಡಿಯಲಾಗುವುದಿಲ್ಲ. ಕೂತ ಮೇಲೆ ಗಂಗವ್ವ, “ಏನ್ರಿ ಸಾಹೇಬ್ರ, ನಿಮಗೇನು ತಿರತಿರಗಿ ಬರತೈತಿ?” ಎಂದರು.

ಏನೂ ಇಲ್ಲ ಎಂದರು ಸಾಹೇಬರು. ಎರಡು ಗುಟುಕು ಚಹಾ ಕುಡಿದು, ಹಾಗೆ ನೋಡಿದರೆ ಒಂದಿದೆ ಎಂದರು. ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಯ ದಿನ ಪ್ರಾಧ್ಯಾಪಕರು ಒಂದು ಸುಲಭದ ಪ್ರಶ್ನೆ ಕೇಳಿದ್ದರಂತೆ. ಉತ್ತರ ಗೊತ್ತಿತ್ತು, ಬಾಯಿಂದ ಬಂದದ್ದು ಗೊತ್ತಿಲ್ಲ ಎಂದು. ಅಂದಿನಿಂದ ದಿನಾಲೂ ಜಳಕ ಮಾಡುವಾಗ ಅವರು ಆ ಉತ್ತರ ಹೇಳುತ್ತಾರೆ.

“ಆ ಮಾಸ್ತರು ಈಗ ಎಲ್ಲಿ ಅದಾರ್ರಿ?”

“ತೀರಿಕೊಂಡ್ರು.”

“ಹಂಗಾರ ದಿನಾ ಯಾರಿಗೆ ಹೇಳಾಕತ್ತೀರಿ?” ಗಂಗವ್ವ ಚಹಾದ ಲೋಟ ಕೆಳಗಿಟ್ಟರು. “ನಮಗ ಹೇಳ್ರಿ.”

ಸಾಹೇಬರು ಎದ್ದು ನಿಂತು ಉತ್ತರವನ್ನು ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದರು. ಅದು ಯಕೃತ್ತಿಗೆ ಸಂಬಂಧಿಸಿದ್ದಾಗಿತ್ತು. ಎಲ್ಲರೂ ಗಮನವಿಟ್ಟು ಕೇಳಿದರು.

“ಪಾಸ್,” ಎಂದರು ಗಂಗವ್ವ. ನೀಲವ್ವ ಸಾಹೇಬರಿಗೆ ಇನ್ನೊಂದಿಷ್ಟು ಚೂಡಾ ಹಾಕಿದರು.

ಬಂದ್ ಮಾಡುವ ಮಾತು ಮತ್ತೆ ಬರಲಿಲ್ಲ. ಮರುದಿನದಿಂದ ಚೀಟಿಯ ಮೇಲಿನ ಆ ಸಾಲೂ ನಿಂತುಹೋಯಿತು. ಆ ಜಾಗದಲ್ಲಿ ಅವರು ‘ಮೇಡಂ ಅವರನ್ನು ಕಾಣುವುದು’ ಎಂದು ಬರೆಯತೊಡಗಿದರು. ನನ್ನ ಕೆಲಸ ಇಮ್ಮಡಿಯಾಯಿತು. ನಮ್ಮ ವಿಭಾಗದಲ್ಲಿ ಪದ್ಧತಿ ಬದಲಾದದ್ದು ಹೀಗೆ.

ದೀಪಾವಳಿ ಬಂತು, ಹೋಯಿತು. ಚನ್ನಬಸಪ್ಪ ಒಂದು ರೊಟ್ಟಿ ಉಣ್ಣುವಷ್ಟು ಆಗಿದ್ದರು, ಸ್ವಿಚ್ಚಿನ ಹತ್ತಿರ ಹೋಗಿರಲಿಲ್ಲ. ಹಬ್ಬದ ಮರುವಾರ ಒಬ್ಬರೇ ಆಸ್ಪತ್ರೆಗೆ ಬಂದರು. ಮುಖದಲ್ಲಿ ನಾನು ಅವರಲ್ಲಿ ಎಂದೂ ನೋಡಿರದ ಒಂದು ಭಾವ ಇತ್ತು. ಅದು ಸಿಟ್ಟು ಎಂದು ಗುರುತಿಸಲು ನನಗೆ ಸ್ವಲ್ಪ ಸಮಯ ಹಿಡಿಯಿತು.

“ಅಕ್ಕಾರ, ನನಗ ಚಿಂತಿ ಮಾಡಾಕ ಪಾಳೀನ ಸಿಗವಲ್ದ್ರಿ.”

“ಅಂದ್ರ?”

“ಮಂದಿ ಹೆಚ್ಚಾತು. ಮೊನ್ನಿ ಒಬ್ಬಾಕಿ ಮಗನ ಸಾಲಿ ವಿಚಾರ ತಗದ್ಲು, ಆರ ಆತು. ನಿನ್ನಿ ಇಬ್ಬರು ಜಗಳಾಡಿದ್ರು. ದಿನಾ ಪೂರಾ ‘ಐದೂವರಿಗೆ ಬಾ, ಐದೂವರಿಗೆ ಬಾ’ ಅಂತ ಕಳಸತೇನಿ. ಐದೂವರಿಗೆ ಅದು ಬಂದು ಕುಂತಿರತೈತಿ, ಜಾಗಾ ಇರಂಗಿಲ್ಲ.”

“ಎಬ್ಬಸಿ ಕಳಸ್ರಿ.”

“ಗಿರಾಕಿಗೋಳನ್ನ?” ಎಂದರು ಅವರು, ನಾನು ಅಸಭ್ಯವಾದದ್ದೇನೋ ಹೇಳಿದಂತೆ.

ಎರಡು ದಿನ ಬಿಟ್ಟು ಮಾಂತೇಶನ ಫೋನು: ಸುಳ್ಳದವರು ಇಂದು ಟೆಂಪೊ ತರುತ್ತಾರೆ, ಬರ್ರಿ. ಹೋದೆ. ಟೆಂಪೊ ಹೊರಗೆ ನಿಂತಿತ್ತು. ಸುಳ್ಳದವರು ಬಿಳಿ ಅಂಗಿಯ ದೊಡ್ಡ ಮನುಷ್ಯರು, ಮಶಿನಿನ ಸುತ್ತ ತಿರುಗಿ ನೋಡಿದರು. ಪಟ್ಟಾಕ್ಕೆ ಮಾಂತೇಶ ಹೊಸದಾಗಿ ಹಾಕಿಸಿದ ತಂತಿಯ ಜಾಲರಿ ಅಲ್ಲಾಡಿಸಿದರು. ಕಲ್ಲನ್ನು ಬಿಗಿ ಮತ್ತು ಸಡಿಲ ಮಾಡುವ ಕೈಚಕ್ರವನ್ನು ತುದಿಯವರೆಗೆ ಬಿಗಿಯಾಗಿ ತಿರುಗಿಸಿ ಹಾಗೆಯೇ ಬಿಟ್ಟರು.

“ಚಾಲೂ ಮಾಡಿ ತೋರಸ್ರಿ.”

ಮಾಂತೇಶ ಅಣ್ಣನನ್ನು ನೋಡಿದ. ಅಣ್ಣ ನೆಲ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಗಂಗವ್ವ, “ಐದೂವರಿ ಆತು, ಈಗ ವ್ಯಾಪಾರ ಬ್ಯಾಡ. ಕುಂದ್ರೋ ತಮ್ಮಾ,” ಎಂದರು. “ಇವತ್ತು ಮೊದಲ ಪಾಳಿ ಚನ್ನಬಸಪ್ಪಂದು. ನಿನ್ನಿನ ಗೊತ್ತು ಮಾಡೇವಿ.”

ಸುಳ್ಳದವರು ಕೂತು, ಇದೇನು ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಹೇಳಿದರು. ಅವರು ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸತೊಡಗಿದರು. ಚನ್ನಬಸಪ್ಪ ಗಂಟಲು ಸರಿಮಾಡಿಕೊಂಡರು.

“ನನಗೂ ಒಂದೈತ್ರಿ,” ಎಂದರು ಸುಳ್ಳದವರು.

ಅವರ ತಂಗಿಯ ಮದುವೆಯ ಸಂಗತಿ. ಅವರು ಊಟದ ಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಿದ್ದರು. ಸೋದರಮಾವನನ್ನು ಕರೆಯಲಿಲ್ಲ. ಮಾವ ಉಣ್ಣದೆ ಎದ್ದು ಹೋದ. “ನಾ ಬಾಗಲದಾಗ ಈ ಕಡೆ ನಿಂತಿದ್ರ ಕಾಣತಿದ್ದಾ. ಆ ಕಡೆ ನಿಂತಿದ್ದೆ.” ಯಾವ ಕಡೆ ಎಂದು ಎದ್ದು ಗಿರಣಿಯ ಬಾಗಿಲಲ್ಲಿ ನಿಂತು ತೋರಿಸಿದರು. ಮಾವ ತಾನಾಗಿ ಬಂದು ಕೂಡಬೇಕಿತ್ತು ಎಂದು ಅರ್ಧ ಜನ. ಕರೆಯದೆ ಹೇಗೆ ಕೂಡುತ್ತಾನೆ ಎಂದು ಉಳಿದರ್ಧ. ಅಡಿಗೆ ಏನಿತ್ತು ಎಂದು ಒಬ್ಬರು ಕೇಳಿದರು. ಮದುವೆಯ ಸಿಹಿ ಮಾದಲಿ ಎಂದು ತಿಳಿದ ಮೇಲೆ ಮಾತು ಇನ್ನೂ ಏರಿತು, ಮಾದಲಿಗೆ ಕರೆಯದೆ ಇರುವುದು ಸಣ್ಣ ವಿಷಯವಲ್ಲ ಎಂದು.

“ನನ್ನ ಪಾಳಿ ಐತ್ರಿ,” ಎಂದರು ಚನ್ನಬಸಪ್ಪ.

ಯಾರಿಗೂ ಕೇಳಿಸಲಿಲ್ಲ.

“ನನಗ ಒಂದೀಟು ಚಿಂತಿ ಮಾಡಾಕ ಬಿಡ್ತೀರೇನು?”

ಸುಳ್ಳದವರು ಎರಡನೆಯ ಸಲ ಬಾಗಿಲಿಗೆ ಹೋಗಿ ನಿಂತಿದ್ದರು. ಚನ್ನಬಸಪ್ಪ ಎದ್ದರು. ನೆಟ್ಟಗೆ ಗೋಡೆಗೆ ಹೋಗಿ ಸ್ವಿಚ್ಚಿನ ಹಿಡಿಕೆಯನ್ನು ಮೇಲಕ್ಕೆತ್ತಿದರು. ಬೇರೆ ಯಾವ ಉದ್ದೇಶವೂ ಅವರಿಗೆ ಇರಲಿಲ್ಲ. ಆಮೇಲೆ ಅವರೇ ಹೇಳಿದರು. ಮಶಿನಿನ ಸದ್ದಿನಲ್ಲಿ ಆ ಮಾತೆಲ್ಲ ಮುಚ್ಚಿಹೋಗಬೇಕಿತ್ತು, ಅಷ್ಟೇ.

ಮೋಟಾರು ಗುಡುಗಿತು. ಪಟ್ಟಾ ಓಡಿತು. ಎಲ್ಲರ ಬಾಯಿ ಆಡುತ್ತಿತ್ತು, ಯಾರದೂ ಕೇಳಿಸುತ್ತಿರಲಿಲ್ಲ. ಮರುಕ್ಷಣ ಕಲ್ಲು ಕಿರುಚಿತು. ಸುಳ್ಳದವರು ಬಿಗಿದುಬಿಟ್ಟಿದ್ದ ಎರಡು ಕಲ್ಲುಗಳು, ನಡುವೆ ಒಂದು ಕಾಳೂ ಇಲ್ಲದೆ, ಒಂದನ್ನೊಂದು ತಿನ್ನುತ್ತಿದ್ದವು. ಸುಟ್ಟ ವಾಸನೆ ಬಂತು. ಚನ್ನಬಸಪ್ಪ ಪಟ್ಟಾದ ಮೇಲೆ ಕಣ್ಣಿಟ್ಟು ಬಿಳಿಚಿಕೊಂಡು ನಿಂತಿದ್ದರು. ನಾನು ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟೆ.

ಆದರೆ ಖಾಲಿ ಕಲ್ಲು ತಿರುಗುವ ಸದ್ದನ್ನು ಗಿರಣಿಯವನು ಸಹಿಸಲಾರ. ಅವರ ಕೈ ತಾನಾಗಿ ಕೈಚಕ್ರಕ್ಕೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

“ಕಾಳ ಹಾಕೋ ಮಾಂತ್ಯಾ.”

ರಾಳ ಹಾಕು ಎಂದ ದಿನದಿಂದ ಅವರು ತಮ್ಮನಿಗೆ ಒಂದು ಕೆಲಸವನ್ನೂ ಹೇಳಿರಲಿಲ್ಲ. ಮಾಂತೇಶ ಒಂದು ಕ್ಷಣ ಅಣ್ಣನ ಮುಖ ನೋಡಿದ. ಆಮೇಲೆ ಸಾಲಿನ ಮೊದಲ ಡಬ್ಬಿಯನ್ನು ಎಂಟು ಬೆರಳಿನಿಂದ ಎತ್ತಿ ಗಂಗವ್ವನ ಜೋಳವನ್ನು ಮೇಲಿನಿಂದ ಸುರಿದ. ಕಿರುಚಾಟ ಇಳಿದು ಗುರುಗುಟ್ಟಿತು, ಗುರುಗುಟ್ಟುವುದು ಇಳಿದು ಬೀಸುವ ಸದ್ದಾಯಿತು. ಹಿಟ್ಟು ಬಿತ್ತು. ಚನ್ನಬಸಪ್ಪ ಒಂದು ಚಿಟಿಕೆ ಹಿಡಿದು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಕಲ್ಲು ಬಿಸಿಯಾಗಿತ್ತು, ಹಿಟ್ಟು ದಪ್ಪ ಬರುತ್ತಿತ್ತು, ಚಕ್ರವನ್ನು ತುಸುವೇ ತಿರುಗಿಸಿದರು. ಹಿಟ್ಟು ಸಣ್ಣಗಾಯಿತು.

ಕುರ್ಚಿಗಳು ಖಾಲಿಯಾಗಿದ್ದವು. ಎಲ್ಲರೂ ತಮ್ಮ ತಮ್ಮ ಡಬ್ಬಿಯ ಹಿಂದೆ ನಿಂತಿದ್ದರು. ಸುಳ್ಳದವರು ಮಶಿನ್ ಛಲೋ ಇದೆ ಎಂದು ಕೈಸನ್ನೆ ಮಾಡಿದರು. ಮಾಂತೇಶ ಕೊಡುವುದಿಲ್ಲ ಎಂದು ಕೈಸನ್ನೆ ಮಾಡಿದ. ಅವರು ಖಾಲಿ ಟೆಂಪೊ ತೆಗೆದುಕೊಂಡು ಹೋದರು. ಹೋಗುವ ಮೊದಲು ಗಂಗವ್ವ ಅವರ ಕಿವಿಯ ಹತ್ತಿರ ಹೋಗಿ, ಸೋದರಮಾವನನ್ನು ಊಟಕ್ಕೆ ಕರೆಯಬೇಕೆಂದು ಕೂಗಿ ಹೇಳಿದರು. ಅಂದಿನ ನನ್ನ ಪುಟದಲ್ಲಿ ತಾರೀಖು ಇದೆ, ಗೀಟುಗಳಿಲ್ಲ.

ಗುಣವಾಯಿತು ಎಂದು ಇಲ್ಲಿಗೆ ನಿಲ್ಲಿಸಿದರೆ ಹೊಸಬರಿಗೆ ಸುಳ್ಳು ಹೇಳಿದಂತೆ. ಗುಳಿಗೆ ಇನ್ನೂ ಬಹಳ ದಿನ ನಡೆಯಿತು. ನಡುವೆ ಎರಡು ಸಲ ಗಿರಣಿ ಮುಚ್ಚಿ ಹಾಸಿಗೆ ಹಿಡಿದರು, ಮತ್ತೆ ಎದ್ದರು. ಚಿಂತೆ ಹೋಯಿತೇ ಎಂದು ಒಮ್ಮೆ ಕೇಳಿದೆ.

“ಎಲ್ಲಿ ಹೋಗತೈತ್ರಿ. ಕಾಳ ತೀರಿದಾಗ ಬರತೈತಿ.”

“ಆಗ ಏನ್ ಮಾಡ್ತೀರಿ?”

“ಕಲ್ಲ ಸಡಲ ಮಾಡ್ತೇನ್ರಿ,” ಎಂದು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯ ಇದೆ.

ಈಗ ನನ್ನ ವಿಷಯ. ನಿವೃತ್ತಿಯ ಶಾಲು ಮಡಚಿಟ್ಟ ಮೇಲೆ ಒಂದು ವಿಚಾರ ಬರತೊಡಗಿತು. ಗುತ್ತಿಗೆ ಮುಂದುವರಿಸುವ ಅರ್ಜಿಯನ್ನು ಒಂದು ವಾರ ಮೊದಲು ಕೊಟ್ಟಿದ್ದರೆ. ಕೊಟ್ಟದ್ದನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟಿದ್ದರೆ. ಹಲ್ಲುಜ್ಜುವಾಗ ಬಂತು, ಉಣ್ಣುವಾಗ ಬಂತು, ಚರ್ಚಿನಲ್ಲಿ ನನಗಾಗಿ ಪ್ರಾರ್ಥಿಸುತ್ತಿದ್ದಾಗ ಬಂತು. ಐದೂವರೆಗೆ ಬಾ ಎಂದೆ. ನನ್ನ ಮಾತಿಗೆ ಅದು ಬೆಲೆ ಕೊಡಲಿಲ್ಲ.

ಕಳೆದ ವಾರ ಮನೆಯ ಜೋಳವನ್ನು ಡಬ್ಬಿಗೆ ತುಂಬಿಕೊಂಡು ಧಾರವಾಡದಿಂದ ಬಸ್ ಹತ್ತಿದೆ. ನಮ್ಮ ಓಣಿಯಲ್ಲೇ ಗಿರಣಿ ಇದೆ. “ಬೀಸಾಕ ಹುಬ್ಬಳ್ಳಿಗೆ ಹೊಂಟೀರೇನ್ರಿ?” ಎಂದು ಕಂಡಕ್ಟರು ಡಬ್ಬಿ ನೋಡಿ ಕೇಳಿದ. ಹೌದು ಎಂದೆ. ಗಬ್ಬೂರಿಗೆ ಮುಟ್ಟಿದಾಗ ಐದೂವರೆಗೆ ಸ್ವಲ್ಪ ಹೊತ್ತಿತ್ತು. ಗಿರಣಿ ನಡೆದಿತ್ತು. ಗೋಡೆಗುಂಟ ಡಬ್ಬಿಗಳ ಸಾಲು, ಪಕ್ಕದಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಉಳಿದಿತ್ತು. ನನ್ನ ಡಬ್ಬಿಯನ್ನು ಸಾಲಿನ ಕೊನೆಗೆ ಇಟ್ಟು ಅದರಲ್ಲಿ ಕೂತೆ. ಪಾಳಿ ಬಂದಾಗ ಎದ್ದು ಹೋಗಿ, ಚನ್ನಬಸಪ್ಪನವರ ಮುಂದೆ ನಿಂತು ಹೇಳಿಯೇಬಿಟ್ಟೆ:

“ನಾ ಅರ್ಜಿ ಒಂದ ವಾರ ಮೊದಲ ಕೊಟ್ಟಿದ್ರ.”

ಅವರ ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ಕೈಯನ್ನು ಕಿವಿಗೆ ಹಿಡಿದು ಮುಂದೆ ಬಾಗಿದರು.

“ಏನಂದ್ರಿ ಅಕ್ಕಾರ?”

ಮತ್ತೊಮ್ಮೆ ಜೋರಾಗಿ ಹೇಳಲು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ನನಗಿಂತ ಮೊದಲಿನವರ ಕಾಳು ತೀರಿ ಕಲ್ಲಿನ ಸದ್ದು ಬದಲಾಯಿತು. ಅವರು ಒಂದು ಕೈಯಿಂದ ಚಕ್ರ ಸಡಿಲಿಸುತ್ತ ಇನ್ನೊಂದನ್ನು ನನ್ನ ಕಡೆ ಚಾಚಿದರು.

“ಆಮ್ಯಾಲ ಹೇಳ್ರಂತ. ಮೊದಲ ನಿಮ್ಮ ಡಬ್ಬಿ ಇತ್ತ ಕೊಡ್ರಿ.”